ಅಯ್ಯನವರ ವರ್ಗ

ಸಭಾಪಾಲಕರಿಗೆ ವರ್ಗವಾಗುವ ಸುದ್ದಿ ನಮ್ಮ ಕರಾವಳಿಯ ಸಭೆಗಳಿಗೆ ಬರುವುದು ಹಲಸು ಹಣ್ಣಾಗುವ ಹೊತ್ತಿಗೆ. ಬಿಷಪ್ಪರ ಕಚೇರಿಯಿಂದ ಕಾಗದ ಹೊರಡುವ ಮೊದಲೇ ಸುದ್ದಿ ಹೊರಟಿರುತ್ತದೆ. ಕ್ವಾಯರಿನ ಅಭ್ಯಾಸದಲ್ಲಿ ಯಾರೋ ಪಿಸುಗುಟ್ಟುತ್ತಾರೆ, ಸ್ತ್ರೀಯರ ಸಂಘದಲ್ಲಿ ಅದು ಖಚಿತವಾಗುತ್ತದೆ, ಮೀನು ಮಾರ್ಕೆಟ್ಟಿಗೆ ಹೋದರೆ ಬರುವವರ ಹೆಸರೂ ಸಿಗುತ್ತದೆ. ಭಾನುವಾರ ಪ್ರಕಟಣೆಗಳನ್ನು ಓದುವಾಗ ಅಯ್ಯನವರು ನಡುವೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರೆಂದರೆ ಅಷ್ಟರ ತನಕ ಏನೂ ಕೇಳದವರಿಗೂ ವಿಷಯ ತಿಳಿದುಹೋಗುತ್ತದೆ.

ಬರುವವರು ಹೇಗಿರಬೇಕೆಂಬುದರಲ್ಲಿ ಸಭೆಗೆ ಗೊಂದಲವೇ ಇಲ್ಲ. ಪ್ರಸಂಗ ಆಳವಾಗಿರಬೇಕು, ಇಪ್ಪತ್ತು ನಿಮಿಷ ದಾಟಬಾರದು. ಹಾಡು ಬರಬೇಕು, ಆದರೆ ಕ್ವಾಯರಿಗೆ ಹೇಳಿಕೊಡಲು ಬರಬಾರದು. ಮನೆಮನೆಗೆ ಭೇಟಿ ಕೊಡಬೇಕು, ನಾವು ಟಿವಿ ನೋಡುವ ಹೊತ್ತಿಗೆ ಕೊಡಬಾರದು. ಕನ್ನಡ ಶುದ್ಧವಿರಬೇಕು, ತುಳು ಅರ್ಥವಾಗಬೇಕು, ದುಬೈಯಿಂದ ಬಂದ ಮದುಮಗನಿಗೆ ಇಂಗ್ಲಿಷಿನಲ್ಲಿ ಮದುವೆ ಮಾಡಿಸಬೇಕು. ಅಯ್ಯನವರ ಹೆಂಡತಿ, ಅಂದರೆ ಅಮ್ಮನವರು, ಸಂಡೇಸ್ಕೂಲು ನಡೆಸಬೇಕು. ಇಷ್ಟೆಲ್ಲ ಇದ್ದವರು ಯೇಸುಸ್ವಾಮಿಯ ಹನ್ನೆರಡು ಮಂದಿಯಲ್ಲೂ ಒಬ್ಬರಿರಲಿಲ್ಲ ಎಂದು ನಮ್ಮ ಅಯ್ಯನವರೇ ಒಮ್ಮೆ ಕಮಿಟಿಯಲ್ಲಿ ಹೇಳಿದ್ದರು. ಎಲ್ಲರೂ ನಕ್ಕರು, ಪಟ್ಟಿಯಿಂದ ಮಾತ್ರ ಒಂದನ್ನೂ ತೆಗೆಯಲಿಲ್ಲ.

ವರ್ಗವೆಂಬ ಪದ್ಧತಿಯಲ್ಲಿ ತಪ್ಪಿಲ್ಲ. ಒಬ್ಬರೇ ಒಂದು ಕಡೆ ಬೇರುಬಿಟ್ಟರೆ ದೇವರ ಸಭೆ ಅವರ ಸಭೆಯಾಗಿಬಿಡುತ್ತದೆ. ಅವರಿಗೆ ಬೇಕಾದವರು, ಬೇಡವಾದವರು ಎಂದು ಬೆಂಚುಗಳೇ ಎರಡು ಪಾಲಾಗುತ್ತವೆ. ಈ ಸೀಮೆಯ ಸಭೆಗಳು ಇದಕ್ಕಿಂತ ದೊಡ್ಡ ಅಗಲಿಕೆಯನ್ನು ಕಂಡಿವೆ. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನಿನಿಂದ ಮಂಗಳೂರಿಗೆ ಬಂದರು. ಅವರ ಹಿಂದೆ ಬಂದ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕಿಟೆಲ್ 1894ರಲ್ಲಿ ನಿಘಂಟು ಕೊಟ್ಟರು. ನಮ್ಮವರೇ ಆದ ಹೆರ್ಮನ್ ಆನಂದರಾವ್ ಕೌಂಡಿನ್ಯರು ಬಾಸೆಲಿಗೆ ಹೋಗಿ ಓದಿ 1851ರಲ್ಲಿ ಪಾದ್ರಿದೀಕ್ಷೆ ಪಡೆದರು. ಹೀಗೆ ಮೂರು ತಲೆಮಾರು ಜರ್ಮನ್ ಅಯ್ಯನವರುಗಳ ಜೊತೆ ಬದುಕಿದ ಸಭೆಗಳಿಗೆ 1914ರಲ್ಲಿ ಮಹಾಯುದ್ಧ ಬಂತು. ಶತ್ರುದೇಶದವರೆಂದು ಜರ್ಮನ್ ಮಿಶನರಿಗಳನ್ನು ಸರ್ಕಾರ ಬಂಧನದಲ್ಲಿಟ್ಟು, ಆಮೇಲೆ ಹಡಗು ಹತ್ತಿಸಿತು. ಮಿಶನಿನ ಹಂಚು, ನೇಯ್ಗೆಯ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಅದು ವರ್ಗವಲ್ಲ, ಬೇರುಸಹಿತ ಕಿತ್ತದ್ದು. ಬೀಳ್ಕೊಡುಗೆಯ ಶಾಲೂ ಇಲ್ಲ, ಗ್ರೂಪ್ ಫೋಟೋವೂ ಇಲ್ಲ. ಆದರೂ ಸಭೆಗಳು ಮುಚ್ಚಲಿಲ್ಲ. ಇಲ್ಲಿಯ ಪಾಲಕರೂ ಉಪದೇಶಿಗಳೂ ನಡೆಸಿಕೊಂಡು ಹೋದರು. ಅಷ್ಟನ್ನು ತಾಳಿಕೊಂಡವರ ಮೊಮ್ಮಕ್ಕಳು ಒಬ್ಬ ಅಯ್ಯನವರು ಘಟ್ಟ ಹತ್ತಿದರೆಂದು ಕಂಗೆಡುವುದು ಚೆಂದವಲ್ಲ. ಬುದ್ಧಿಗೆ ಇದೆಲ್ಲ ಒಪ್ಪಿಗೆಯಾಗುತ್ತದೆ.

ನಮ್ಮದು ಮಂಗಳೂರಿಗೂ ಉಡುಪಿಗೂ ನಡುವಿನ ಒಂದು ಹಳೆಯ ಸಭೆ. ತೆಂಗಿನ ತೋಟದ ಅಂಚಿನಲ್ಲಿ ಕೆಂಪು ಹಂಚಿನ ದೇವಾಲಯ. ಹಿಂದುಗಡೆ ಗುಡ್ಡದ ಇಳಿಜಾರಿನಲ್ಲಿ ಸಮಾಧಿ. ಬಾಸೆಲ್ ಮಿಶನ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಇಟ್ಟಿತಲ್ಲ, ಆ ತಳಿಯ ಹಂಚು. ಗಂಡಸರು ಒಂದು ಬದಿ, ಹೆಂಗಸರು ಒಂದು ಬದಿ ಕೂರುವ ಕ್ರಮ ನಮ್ಮಲ್ಲಿ ಹಿಂದಿನಿಂದಲೂ ಇದೆ. ಹುಡುಗರು ಸಣ್ಣವರಿರುವ ತನಕ ತಾಯಿಯ ಪಕ್ಕ. ಮೀಸೆ ಬರುವುದಕ್ಕೆ ಸಾಕಷ್ಟು ಮೊದಲೇ ಒಂದು ಭಾನುವಾರ ಅಪ್ಪ ಕಣ್ಣಿನಲ್ಲೇ ಕರೆದರೆ ಎದ್ದು ಗಂಡಸರ ಬದಿಗೆ ಹೋಗಬೇಕು. ಆ ನಾಲ್ಕು ಹೆಜ್ಜೆ ನಡೆದ ದಿನ ನಾನು ದೊಡ್ಡವನಾದೆನೆಂದು ಹಿಗ್ಗಿದ್ದೆ. ಏನನ್ನು ಬಿಟ್ಟು ಬಂದೆನೆಂದು ಮೊದಲ ಹಾಡಿಗೇ ಗೊತ್ತಾಯಿತು.

ನಾಲ್ಕು ಸ್ವರದಲ್ಲಿ ಹಾಡುವುದು ನಮ್ಮ ಸಭೆಗಳ ಹಳೇ ಹೆಮ್ಮೆ. ಜರ್ಮನ್ ರಾಗ, ಕನ್ನಡ ಸಾಹಿತ್ಯ. ಸೊಪ್ರಾನೊದವರು ರಾಗ ಹಿಡಿಯುತ್ತಾರೆ. ಬೇಸಿನವರು ನೆಲ ಹಿಡಿಯುತ್ತಾರೆ. ಟೆನರಿನವರು ತಾವೇ ಹಾಡುತ್ತಿರುವುದೆಂದು ಎಲ್ಲರಿಗೂ ತಿಳಿಸುತ್ತಾರೆ. ಆಲ್ಟೋದವರಿಗೆ ಇದು ಯಾವುದೂ ಇಲ್ಲ. ಅಮ್ಮ ಆಲ್ಟೋ. ಒಂಟಿಯಾಗಿ ಹಾಡಿದರೆ ಅದು ಯಾವ ಹಾಡೆಂದೇ ತಿಳಿಯುವುದಿಲ್ಲ. ಎರಡು ಮೂರು ಸ್ವರಗಳ ನಡುವೆ ಏನೋ ಕಳೆದುಕೊಂಡು ಹುಡುಕುತ್ತಿರುವಂತೆ ಕೇಳುತ್ತದೆ. ಶನಿವಾರ ಸಂಜೆ ಕಡೆಯುವ ಕಲ್ಲಿನ ಮುಂದೆ ಕೂತು ಅಮ್ಮ ನಾಳೆಯ ಹಾಡಿನ ಆಲ್ಟೋ ಗುನುಗುತ್ತಿದ್ದರೆ, ಅದು ಯಾವ ಹಾಡೆಂದು ನಾನೂ ಅಕ್ಕನೂ ಪಂದ್ಯ ಕಟ್ಟುತ್ತಿದ್ದೆವು. ಉತ್ತರ ಸಿಗುವುದು ಮರುದಿನ, ಉಳಿದ ಮೂರು ಸ್ವರ ಸೇರಿದಾಗ. ಅಮ್ಮನ ಪಕ್ಕದಲ್ಲಿ ಕೂತು ಬೆಳೆದವನಿಗೆ ಹಾಡೆಂದರೆ ಅದೇ ದಾರಿ. ಗಂಡಸರ ಬದಿಗೆ ಬಂದ ಮೇಲೆ ಅದು ದೂರದಿಂದ, ಎಲ್ಲ ಸ್ವರಗಳ ಅಡಿಯಿಂದ, ಹುಡುಕಿದರೆ ಮಾತ್ರ ಸಿಗುತ್ತಿತ್ತು.

ನಮ್ಮ ಅಯ್ಯನವರು ಈ ಸಭೆಗೆ ಎರಡು ಸಲ ಬಂದವರು. ಮೊದಲ ಸಲ ನಾನು ಹೈಸ್ಕೂಲಿನಲ್ಲಿದ್ದೆ. ದೃಢೀಕರಣದ ಪಾಠ ಹೇಳಿಕೊಟ್ಟರು. ಎರಡನೆಯ ಸಲ ಬಂದಾಗ ಅವರ ತಲೆಯೂ ನೆರೆತಿತ್ತು, ನಮ್ಮದೂ. ಮೂಲ ಚಾಮರಾಜನಗರದ ಕಡೆ. ತುಳುವನ್ನು ಮೀನು ಮಾರುವವರಿಂದ ಕಲಿತದ್ದರಿಂದ ಅವರ ತುಳುವಿನಲ್ಲಿ ಚೌಕಾಶಿಯ ಧಾಟಿ ಇತ್ತು. ರೋಗಿಗಳ ಹಾಸಿಗೆಯ ಪಕ್ಕ ಕೂತು ತುಳುವಿನಲ್ಲಿ ಸಾಂತ್ವನ ಹೇಳಿದರೆ ರೋಗಿಗೆ ನಗು ಬರುತ್ತಿತ್ತು. ಅದೂ ಒಂದು ಔಷಧವೇ ಎಂದು ಅವರು ತಿದ್ದಿಕೊಳ್ಳಲು ಹೋಗಲಿಲ್ಲ.

ವರ್ಷವೆಲ್ಲ ನಮಗೆ ಅವರ ದನಿಯಲ್ಲೇ ಬರುತ್ತಿತ್ತು. ಸಭೆಯ ವರ್ಷ ಜನವರಿಯಲ್ಲಿ ತೊಡಗುವುದಿಲ್ಲ. ಕ್ರಿಸ್‌ಮಸ್ಸಿಗೆ ಮೊದಲ ನಾಲ್ಕು ಭಾನುವಾರ ಆಗಮನ ಕಾಲ. ಅದೇ ನಮ್ಮ ಹೊಸ ವರ್ಷ. ಬಲಿಪೀಠಕ್ಕೆ ನೇರಳೆ ಬಟ್ಟೆ ಬರುತ್ತದೆ. ಕರಾವಳಿಯಲ್ಲಿ ಅಂಗಳಕ್ಕೆ ಅಡಿಕೆ ಬೀಳುವ ಕಾಲ, ಬೆಳಿಗ್ಗೆ ನಾಲ್ಕರ ಹೊತ್ತಿಗೆ ಒಂದು ಕಂಬಳಿ ಸಾಕೋ ಬೇಡವೋ ಎನ್ನುವ ಚಳಿ. ಆ ಚಳಿಗೆ ಊರಿನ ಗಂಡಸರೆಲ್ಲ ಮಂಕಿ ಟೋಪಿ ಹಾಕಿಕೊಂಡು ಕ್ಯಾರೋಲಿಗೆ ಹೊರಟರೆ ಅಯ್ಯನವರು ಬರಿ ಅಂಗಿಯಲ್ಲಿ ಮುಂದೆ ನಡೆಯುತ್ತಿದ್ದರು. ಮನೆಮನೆಯಲ್ಲೂ ಎರಡು ಹಾಡು, ಒಂದು ಪ್ರಾರ್ಥನೆ, ಒಂದು ಕಪ್ ಚಹಾ, ಒಂದು ಬಟ್ಟಲು ಚಕ್ಕುಲಿ. ಕೊನೆಯ ಮನೆ ತಲುಪುವಷ್ಟರಲ್ಲಿ ಹೊಟ್ಟೆಯಲ್ಲಿ ಜಾಗವಿಲ್ಲ, ಗಂಟಲಿನಲ್ಲಿ ದನಿಯಿಲ್ಲ. ಆ ಕೊನೆಯ ಮನೆ ಯಾವಾಗಲೂ ಸಭೆಯ ಅತಿ ಬಡವರ ಮನೆಯೇ ಆಗಿರುವುದನ್ನು ಅವರು ಗಮನಿಸಿದರು. ಬಂದ ಎರಡನೆಯ ವರ್ಷದಿಂದ ಮೆರವಣಿಗೆ ಅಲ್ಲಿಂದ ಹೊರಟಿತು. ಕಾರಣ ಹೇಳಲಿಲ್ಲ, ‘ನಡೆಯಲು ಇಳಿಜಾರು ಸುಲಭ’ ಎಂದರು.

ಕ್ರಿಸ್‌ಮಸ್ ಮುಗಿದು ವಾರದೊಳಗೆ ಡಿಸೆಂಬರ್ 31ರ ರಾತ್ರಿ. ಹನ್ನೊಂದಕ್ಕೆ ಕೂಡುವ ಆ ಆರಾಧನೆಯಲ್ಲಿ ನಮ್ಮ ಸಭೆ ತನ್ನ ವರ್ಷದ ಲೆಕ್ಕ ಒಪ್ಪಿಸುತ್ತದೆ. ದೀಕ್ಷಾಸ್ನಾನ ಹೊಂದಿದ ಮಕ್ಕಳು, ಮದುವೆಯಾದ ಜೋಡಿಗಳು, ತೀರಿಕೊಂಡವರು. ಮೂರು ರಿಜಿಸ್ಟರಿನಿಂದ ಮೂರು ಪಟ್ಟಿ. ಮೊದಲ ಎರಡನ್ನು ಅಯ್ಯನವರು ಸರಸರನೆ ಓದುತ್ತಿದ್ದರು. ಮೂರನೆಯದಕ್ಕೆ ಬಂದಾಗ ಪುಸ್ತಕ ಮುಚ್ಚಿಬಿಡುತ್ತಿದ್ದರು. ಹೆಸರು ಹೇಳಿ, ರಿಜಿಸ್ಟರಿನಲ್ಲಿ ಇಲ್ಲದ ಒಂದು ಮಾತು ಸೇರಿಸುತ್ತಿದ್ದರು. ‘ಇವರ ಮನೆಯ ಮಲ್ಲಿಗೆ ಇಲ್ಲದೆ ನಾವು ಈಸ್ಟರ್ ಮಾಡಿದ್ದೇ ಇಲ್ಲ.’ ‘ಇವರು ಕಮಿಟಿಯಲ್ಲಿ ನನ್ನನ್ನು ವಿರೋಧಿಸಿದ ಪ್ರತಿ ಸಲವೂ ಅವರೇ ಸರಿಯಿದ್ದರು.’ ‘ಈತ ಕುಡಿಯುತ್ತಿದ್ದ, ಕುಡಿದ ದಿನ ದೇವಾಲಯದ ಗೇಟಿನ ತನಕ ಬಂದು ಅಲ್ಲೇ ನಿಂತು ಹಾಡು ಕೇಳಿ ಹೋಗುತ್ತಿದ್ದ.’ ಒಂದೊಂದೇ ವಾಕ್ಯ. ಶೋಕವನ್ನು ಎಳೆಯುತ್ತಿರಲಿಲ್ಲ. ಯಾರೋ ಅಳುತ್ತಿದ್ದರು, ಯಾರೋ ನಗುತ್ತಿದ್ದರು, ಅಷ್ಟರಲ್ಲಿ ಹನ್ನೆರಡರ ಗಂಟೆ ಹೊಡೆಯುತ್ತಿತ್ತು.

ಗೇರು ಹೂ ಬಿಡುವ ಸೆಕೆಯಲ್ಲಿ ಶ್ರಮೆಕಾಲ ಬರುತ್ತದೆ. ಭಾನುವಾರಗಳನ್ನು ಬಿಟ್ಟು ಎಣಿಸಿದರೆ ನಲವತ್ತು ದಿನ. ಮತ್ತೆ ನೇರಳೆ ಬಟ್ಟೆ. ಮದುವೆಯಿಲ್ಲ, ಬಲಿಪೀಠದ ಮೇಲೆ ಹೂವಿಲ್ಲ. ಮೀನು ಬಿಟ್ಟವರು ಕೆಲವರು, ಬಿಟ್ಟೆವೆಂದು ಎಲ್ಲರಿಗೂ ಹೇಳಿದವರು ಹಲವರು. ಗರಿಗಳ ಭಾನುವಾರಕ್ಕೆ ಯೆರೂಸಲೇಮಿನ ಖರ್ಜೂರದ ಗರಿಗೆ ಬದಲು ನಮ್ಮ ತೆಂಗಿನ ಎಳೆಗರಿ. ಮಕ್ಕಳು ಅದರಲ್ಲಿ ಗಿಳಿ, ಗಿರಿಗಿಟ್ಲೆ ಮಾಡಿ ಪ್ರಸಂಗದ ಹೊತ್ತು ಕಳೆಯುತ್ತಾರೆ. ಶುಭಶುಕ್ರವಾರ ಹನ್ನೆರಡರಿಂದ ಮೂರರ ತನಕ ಶಿಲುಬೆಯ ಏಳು ಮಾತುಗಳ ಧ್ಯಾನ. ಹಂಚಿನಡಿ ಏಪ್ರಿಲಿನ ಕಾವು, ಬೀಸಣಿಗೆಗಳ ಸದ್ದು, ಮೂರು ತಾಸು. ಮುಗಿದ ಮೇಲೆ ಹೊರಗೆ ಚಪ್ಪರದಡಿ ಎಲ್ಲರಿಗೂ ಕುಚ್ಚಲಕ್ಕಿ ಗಂಜಿ, ಹೆಸರು ಪಲ್ಯ, ಉಪ್ಪಿನಕಾಯಿ. ವರ್ಷದಲ್ಲಿ ಅಷ್ಟು ರುಚಿಯಾದ ಊಟ ಮತ್ತೊಂದಿಲ್ಲವೆಂದು ಹೇಳಿದರೆ ಆ ದಿನಕ್ಕೆ ಅಗೌರವವಾದೀತು, ಆದರೂ ನಿಜ.

ಈಸ್ಟರ್ ಚಂದ್ರನ ಲೆಕ್ಕದ ಹಬ್ಬ. ಮಾರ್ಚ್ 21ರ ಅಥವಾ ಅದರ ನಂತರದ ಹುಣ್ಣಿಮೆ ಕಳೆದು ಬರುವ ಭಾನುವಾರ. ಹಾಗಾಗಿ ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಎಲ್ಲಿಯಾದರೂ ಬಿದ್ದೀತು, ಆದರೆ ಬೆಳಗಿನ ಜಾವಕ್ಕೆ ಆಕಾಶದಲ್ಲಿ ಚಂದ್ರನಿಲ್ಲದ ಈಸ್ಟರ್ ಇಲ್ಲ. ಆ ಹೊತ್ತಿಗೆ ನಾವು ಸಮಾಧಿಯ ಗುಡ್ಡದಲ್ಲಿರುತ್ತೇವೆ. ಅವರವರ ಮನೆಯವರ ಕಲ್ಲಿನ ಪಕ್ಕ ಅವರವರು ಮೇಣದ ಬತ್ತಿ ಹಚ್ಚಿಕೊಂಡು ನಿಲ್ಲುತ್ತಾರೆ. ದೇವಾಲಯದೊಳಗೆ ಗಂಡಸರು ಹೆಂಗಸರೆಂದು ಕೂರುವವರು ಇಲ್ಲಿ ಮನೆಮನೆಯಾಗಿ ನಿಲ್ಲುತ್ತೇವೆ. ವರ್ಷಕ್ಕೊಮ್ಮೆ ನಾನು ಮತ್ತೆ ಅಮ್ಮನ ಪಕ್ಕ ನಿಂತು ಹಾಡುತ್ತಿದ್ದದ್ದು ಅಲ್ಲಿ, ಅಪ್ಪನ ಸಮಾಧಿಯ ಬಳಿ.

ಐವತ್ತನೆಯ ದಿನ ಪಂಚಾಶತ್ತಮ, ಪವಿತ್ರಾತ್ಮನ ಹಬ್ಬ, ಕೆಂಪು ಬಟ್ಟೆ. ಅಷ್ಟು ಹೊತ್ತಿಗೆ ಮಳೆ ಕಡಲಿನ ಮೇಲೆ ಬಂದು ನಿಂತಿರುತ್ತದೆ. ಆಮೇಲೆ ತ್ರಯೈಕ್ಯ ಭಾನುವಾರ. ಅಲ್ಲಿಂದ ಆಗಮನದ ತನಕ, ಸುಮಾರು ಅರ್ಧ ವರ್ಷ, ಬಲಿಪೀಠಕ್ಕೆ ಹಸಿರು. ದೊಡ್ಡ ಹಬ್ಬವಿಲ್ಲದ ಈ ಉದ್ದನೆಯ ಕಾಲವನ್ನು ಬೇರೆ ದೇಶದವರು ಹೇಗೆ ಕಳೆಯುತ್ತಾರೋ; ನಮ್ಮಲ್ಲಿ ಒಳಗಿನ ಹಸಿರಿಗೂ ಹೊರಗಿನ ಹಸಿರಿಗೂ ಒಂದೇ ಲೆಕ್ಕ. ಆಟಿಯ ಮಳೆ ಹಂಚಿನ ಮೇಲೆ ಬಿದ್ದರೆ ಮೈಕಿದ್ದರೂ ಪ್ರಸಂಗ ಕೇಳುವುದಿಲ್ಲ. ಬೇರೆ ಪಾಲಕರು ದನಿ ಏರಿಸಿ ಮಳೆಯೊಡನೆ ಸ್ಪರ್ಧೆಗೆ ನಿಲ್ಲುತ್ತಿದ್ದರು. ನಮ್ಮ ಅಯ್ಯನವರು ಮಾತು ನಿಲ್ಲಿಸಿ, ಪುಸ್ತಕದ ಮೇಲೆ ಕೈಯಿಟ್ಟು ನಿಂತುಬಿಡುತ್ತಿದ್ದರು. ಐದು ನಿಮಿಷ, ಹತ್ತು ನಿಮಿಷ. ಬರಬರುತ್ತಾ ಆ ಹತ್ತು ನಿಮಿಷಕ್ಕಾಗಿಯೇ ನಾವು ಮಳೆಯಲ್ಲಿ ದೇವಾಲಯಕ್ಕೆ ಹೋಗುವಂತಾಯಿತು. ಮಳೆ ಬಿಟ್ಟ ಮೇಲೆ ಎಲ್ಲಿಗೆ ನಿಲ್ಲಿಸಿದ್ದೆ ಎಂದು ಕೇಳುತ್ತಿದ್ದರು. ಯಾರಿಗೂ ಗೊತ್ತಿರುತ್ತಿರಲಿಲ್ಲ. ಆಮೆನ್ ಎಂದು ಮುಗಿಸುತ್ತಿದ್ದರು.

ಏಣೆಲಿನ ಕೊಯ್ಲು ಮುಗಿದ ಮೇಲೆ ಬೆಳೆ ಹಬ್ಬ. ಬಲಿಪೀಠದ ಮೆಟ್ಟಿಲಿನ ಮೇಲೆ ಭತ್ತದ ತೆನೆ, ಸೌತೆ, ಕುಂಬಳ, ಬಾಳೆಗೊನೆ, ಕಾಲು ಕಟ್ಟಿದ ಕೋಳಿ. ಆರಾಧನೆಯ ಮೇಲೆ ಅಂಗಳದಲ್ಲಿ ಏಲಂ. ಒಂದು ತೆಂಗಿನಕಾಯಿ ಬಾವಂದಿರಿಬ್ಬರ ಹಠದಲ್ಲಿ ಒಂದು ಗೋಣಿ ಕಾಯಿಯ ಬೆಲೆಗೆ ಹೋಗುತ್ತದೆ. ಈ ಗಲಾಟೆಯಲ್ಲಿ ಯಾರಾದರೂ ಮುದುಕಿ ತಂದಿಟ್ಟ ಒಂದು ಕಟ್ಟು ಬಸಳೆ ಹಿಂದೆ ಬೀಳುತ್ತದೆ. ಅಯ್ಯನವರು ಕಾದಿದ್ದು ಅದಕ್ಕೇ. ಬಸಳೆ ಮೇಲೆದ್ದ ಕೂಡಲೇ ಅವರು ಬೆಲೆ ಕೂಗುತ್ತಿದ್ದರು. ಅಯ್ಯನವರ ಎದುರು ಸೋಲಬಾರದೆಂದು ಒಬ್ಬ, ಅವರಿಗೆ ಖರ್ಚಾಗಬಾರದೆಂದು ಇನ್ನೊಬ್ಬ ಏರಿಸುತ್ತ ಹೋಗಿ, ಬಸಳೆ ಕೋಳಿಯನ್ನು ಹಿಂದೆ ಹಾಕುತ್ತಿತ್ತು. ಅವರು ಒಂದು ವರ್ಷವೂ ಅದನ್ನು ಕೊಂಡದ್ದಿಲ್ಲ.

ಅಮ್ಮ ತೀರಿಕೊಂಡದ್ದು ಆಟಿಯಲ್ಲಿ. ತೋಡಿದ ಗುಂಡಿಗೆ ನೀರು ಒಸರುತ್ತಲೇ ಇತ್ತು. ಹುಡುಗರು ಕೊಡಪಾನದಲ್ಲಿ ಎತ್ತಿ ಎತ್ತಿ ಹೊರಚೆಲ್ಲುತ್ತಿದ್ದರು. ಕೊಡೆ ಹಿಡಿದವರ ಕೊಡೆ ಗಾಳಿಗೆ ಮಗುಚಿತು. ಅಯ್ಯನವರ ಬಿಳಿ ನಿಲುವಂಗಿ ಮೊಣಕಾಲಿನ ತನಕ ಕೆಸರು. ಸಂಸ್ಕಾರದ ಪುಸ್ತಕದ ಹಾಳೆಗಳು ನೆನೆದು ಅಂಟಿಕೊಂಡವು. ಅವರು ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಯಿಪಾಠದಲ್ಲಿ ನಡೆಸಿದರು. ಕ್ವಾಯರಿನವರು ಹಾಡಿದಾಗ ಆಲ್ಟೋ ಸಾಲು ಖಾಲಿಯಿತ್ತೇ, ಬೇರೆ ಯಾರಾದರೂ ಹಾಡಿದರೇ, ನನಗೆ ನೆನಪಿಲ್ಲ. ಆ ವರ್ಷದ ಡಿಸೆಂಬರ್ 31ರಂದು ಮೂರನೆಯ ಪಟ್ಟಿಯಲ್ಲಿ ಅಮ್ಮನ ಹೆಸರು ಬಂತು. ಅಯ್ಯನವರು ಪುಸ್ತಕ ಮುಚ್ಚಿ, ‘ಈ ತಾಯಿ ಯಾವತ್ತೂ ರಾಗ ಹಿಡಿದವರಲ್ಲ, ರಾಗ ಬೀಳದ ಹಾಗೆ ಹಿಡಿದುಕೊಂಡವರು’ ಎಂದರು. ಮೂವತ್ತು ವರ್ಷದ ಅಂತರದಲ್ಲಿ ಎರಡು ಸಲ ಅಮ್ಮನ ಹಾಡು ಕೇಳಿದವರು ಮಾತ್ರ ಆಡಬಹುದಾದ ಮಾತು.

ಎರಡು ಹಲಸಿನ ಕಾಲ ಕಳೆದು ಅವರಿಗೆ ವರ್ಗವಾಯಿತು. ನಿವೃತ್ತಿಗೆ ಮೊದಲಿನ ಕೊನೆಯ ಊರು, ಘಟ್ಟದ ಮೇಲೆ. ಬೀಳ್ಕೊಡುಗೆಯಲ್ಲಿ ಶಾಲು, ಹಣ್ಣಿನ ಬುಟ್ಟಿ, ಎಲ್ಲರ ಭಾಷಣ. ಅವರನ್ನು ಕಮಿಟಿಯಲ್ಲಿ ಹೆಚ್ಚು ಕಾಡಿದವರೇ ಹೆಚ್ಚು ಹೊತ್ತು ಹೊಗಳಿದರು. ಕೊನೆಯ ಭಾನುವಾರ ಕರ್ತನ ಭೋಜನವಿತ್ತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಬೇರೆ ಬೇರೆ ಪಂಗಡದವರು ಕೂಡಿ ದಕ್ಷಿಣ ಇಂಡಿಯಾ ಸಭೆಯಾದ ಮೇಲೆ, 1950ರಲ್ಲಿ ಹೊಸ ಆರಾಧನಾ ಕ್ರಮ ಬಂತು. ಅದರಲ್ಲಿ ಕೇರಳದ ಸಿರಿಯನ್ ಕ್ರೈಸ್ತರಿಂದ ತೆಗೆದುಕೊಂಡ ಒಂದು ವಿಧಿಯಿದೆ: ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವುದು. ಒಬ್ಬರ ಬಲ ಅಂಗೈಗೆ ಇನ್ನೊಬ್ಬರ ಬಲ ಅಂಗೈ ಸೇರಿಸಿ, ಎಡಗೈಯಿಂದ ಮುಚ್ಚಬೇಕು. ಪೀಠದಿಂದ ಹೊರಟದ್ದು ಸಾಲುಸಾಲಾಗಿ ಹಿಂದಿನ ಬೆಂಚಿನ ತನಕ ಹೋಗುತ್ತದೆ. ಮಾತಾಡದ ಅಣ್ಣತಮ್ಮಂದಿರು ಒಂದೇ ಬೆಂಚಿನಲ್ಲಿ ಕೂತಿದ್ದರೆ ಆ ಒಂದು ಗಳಿಗೆ ಸಭೆಯೆಲ್ಲ ಅತ್ತ ಕಣ್ಣು ಹಾಯಿಸುತ್ತದೆ. ಆ ದಿನ ಅಯ್ಯನವರು ಪೀಠ ಬಿಟ್ಟು ಇಳಿದು ಬಂದು ಪ್ರತಿಯೊಬ್ಬರಿಗೂ ತಾವೇ ಕೈ ಕೊಟ್ಟರು. ನನ್ನ ಸರದಿಗೆ ಏನೂ ಹೇಳಲಿಲ್ಲ. ಹೇಳಿದ್ದರೆ ಇಬ್ಬರಿಗೂ ಕಷ್ಟವಾಗುತ್ತಿತ್ತು.

ಸೋಮವಾರ ಲಾರಿ ಬಂತು. ಹಗ್ಗ ಕಟ್ಟಿದ ಪುಸ್ತಕಗಳು, ಎರಡು ಕಪಾಟು, ಅಮ್ಮನವರ ಕ್ರೋಟನ್ ಕುಂಡಗಳು. ಅಯ್ಯನವರು ಸೆಕ್ರೆಟರಿಗೆ ಬೀಗದ ಕೈ, ಮೂರು ರಿಜಿಸ್ಟರು, ಬೆಳ್ಳಿಯ ಬಟ್ಟಲು ಎಣಿಸಿ ಒಪ್ಪಿಸಿ ಸಹಿ ಹಾಕಿಸಿಕೊಂಡರು. ಚಾರ್ಜು ಕೊಡುವುದೆಂದರೆ ಅಷ್ಟೇ. ಗೇಟಿನಲ್ಲಿ ನಿಂತು ಹಾಡು ಕೇಳುತ್ತಿದ್ದವನು, ಈಸ್ಟರಿನ ಮಲ್ಲಿಗೆ, ಬಸಳೆಯ ಮುದುಕಿ, ಅಮ್ಮನ ಆಲ್ಟೋ, ಇವೆಲ್ಲ ಯಾವ ರಿಜಿಸ್ಟರಿನಲ್ಲೂ ಇರಲಿಲ್ಲವಾದ್ದರಿಂದ ಅವರ ತಲೆಯಲ್ಲೇ ಕೂತು ಲಾರಿಯ ಹಿಂದೆ ಘಟ್ಟ ಹತ್ತಿದವು.

ಹೊಸ ಅಯ್ಯನವರು ಒಳ್ಳೆಯವರು. ಇದನ್ನು ಮೊದಲೇ ಹೇಳಬೇಕು, ಯಾಕೆಂದರೆ ಹಳಬರನ್ನು ನೆನೆಯುವ ಭರದಲ್ಲಿ ಹೊಸಬರಿಗೆ ಅನ್ಯಾಯ ಮಾಡುವುದು ಸಭೆಗಳ ರೂಢಿ. ಚಿಕ್ಕ ಪ್ರಾಯ, ಚುರುಕು. ಬಂದ ತಿಂಗಳೇ ನಡುರಾತ್ರಿ ಮಳೆಯಲ್ಲಿ ಬೈಕು ತೆಗೆದು ನಮ್ಮ ಪಕ್ಕದ ಮನೆಯವರಿಗೆ ರಕ್ತ ಕೊಡಲು ಆಸ್ಪತ್ರೆಗೆ ಹೋದರು. ಬಿಟ್ಟುಹೋಗಿದ್ದ ಹುಡುಗರು ಗಿಟಾರು ಹಿಡಿದು ಮರಳಿದರು. ದೇವಾಲಯದ ಗೋಡೆಗೆ ಪರದೆ ಬಂತು, ಹಾಡಿನ ಸಾಲುಗಳು ದೊಡ್ಡ ಅಕ್ಷರದಲ್ಲಿ ಮೂಡಿದವು. ಕನ್ನಡಕ ಮರೆತು ಬರುವ ಅಜ್ಜಂದಿರಿಗೆ ಅದರಿಂದ ಎಷ್ಟು ಸುಖವಾಯಿತೆಂದು ನಾನೂ ನೋಡಿದ್ದೇನೆ. ಆದರೆ ಪರದೆಯ ಮೇಲೆ ಸಾಹಿತ್ಯ ಮಾತ್ರ ಬರುತ್ತದೆ, ನೊಟೇಶನ್ ಬರುವುದಿಲ್ಲ. ಕ್ವಾಯರಿನವರ ತಲೆಗಳು ಪುಸ್ತಕದಿಂದ ಎದ್ದವು. ಪರದೆ ನೋಡಿ ಹಾಡುವವರಿಗೆ ಗೊತ್ತಿರುವುದು ರಾಗ ಒಂದೇ. ಬೇಸಿನವರು ಹಠಕ್ಕೆ ತಮ್ಮದನ್ನು ಉಳಿಸಿಕೊಂಡರು. ಟೆನರಿನವರ ದನಿ ಹೇಗೂ ಅಡಗುವುದಲ್ಲ. ಆಲ್ಟೋ ಹೋದದ್ದು ಯಾರ ಕಿವಿಗೂ ಬೀಳಲಿಲ್ಲ. ಅದು ಇದ್ದದ್ದೇ ಹಾಗೆ. ‘ನಿಮ್ಮ ಸಭೆಯಲ್ಲಿ ಹಾಡು ತುಂಬಾ ಚೆನ್ನಾಗಿದೆ’ ಎಂದು ಹೊಸ ಅಯ್ಯನವರು ಒಂದು ಭಾನುವಾರ ಬಾಗಿಲಲ್ಲಿ ನನ್ನ ಕೈ ಕುಲುಕಿ ಹೇಳಿದರು. ಅವರು ಕೇಳಿದ್ದಕ್ಕೆ ಅದು ನಿಜವೇ. ಹೌದು ಅಯ್ಯನವರೇ ಎಂದೆ.

ಅಮ್ಮನ ಮಗನೆಂದು ಅವರಿಗೆ ನನ್ನ ಪರಿಚಯವಿರಲಿಲ್ಲ. ಚಂದಾ ಸರಿಯಾಗಿ ಕೊಡುವ, ಬಲಬದಿ ಆರನೆಯ ಬೆಂಚಿನ, ತಲೆ ನೆರೆತ ಒಬ್ಬ ಗಂಡಸು ನಾನು. ಸತ್ತವರು ಒಮ್ಮೆ ಮಣ್ಣಾಗುತ್ತಾರೆ. ಅವರನ್ನು ಮಣ್ಣು ಮಾಡಿಸಿದ ಪಾಲಕರು ಊರು ಬಿಟ್ಟಾಗ ಇನ್ನೊಮ್ಮೆ ಸಾಯುತ್ತಾರೆ. ಮೊದಲ ಸಾವಿಗೆ ಗಂಟೆ ಬಾರಿಸುತ್ತಾರೆ, ಅಂಗಡಿ ಮುಚ್ಚುತ್ತಾರೆ. ಎರಡನೆಯದಕ್ಕೆ ಎಲ್ಲರೂ ಕೂಡಿ ಶಾಲು ಹೊದಿಸಿ ಫೋಟೋ ತೆಗೆಸಿಕೊಳ್ಳುತ್ತೇವೆ.

ಹೊಸ ಅಯ್ಯನವರ ಮೊದಲ ಡಿಸೆಂಬರ್ 31ರಂದು ಮೂರೂ ಪಟ್ಟಿ ಒಂದೇ ವೇಗದಲ್ಲಿ 11.30ರೊಳಗೆ ಮುಗಿಯಿತು. ಹೆಸರುಗಳನ್ನು ಸ್ಪಷ್ಟವಾಗಿ, ತಪ್ಪಿಲ್ಲದೆ ಓದಿದರು. ತೀರಿಕೊಂಡವರ ಪಟ್ಟಿ ಮುಗಿಸಿ ಆಮೆನ್ ಎಂದಾಗ ಸಭೆಯಲ್ಲಿ ಸಣ್ಣ ಸರಬರ ಎದ್ದಿತು. ಇನ್ನೂ ಏನೋ ಬಾಕಿಯಿದೆ ಎಂದು ಜನ ಕಾದರು. ಅವರಿಗೆ ಅರ್ಥವಾಗಲಿಲ್ಲ, ಮುಂದಿನ ಹಾಡಿನ ನಂಬರು ಹೇಳಿದರು. ಯಾರೂ ದೂರಲಿಲ್ಲ. ಆದರೆ ಜನವರಿಯಿಂದ ಅಯ್ಯನವರ ಬಂಗಲೆಯ ಜಗಲಿಗೆ ಜನ ಬರತೊಡಗಿದರು. ಮೊದಲು ಬಂದವರು ನಿವೃತ್ತ ಟೀಚರಮ್ಮ. ದೀಕ್ಷಾಸ್ನಾನದ ಸರ್ಟಿಫಿಕೇಟು ಕೇಳಲು ಬಂದು ಗಂಡನ ಸುದ್ದಿ ತೆಗೆದು ಎರಡು ತಾಸು ಕೂತರಂತೆ. ಆಮೇಲೆ ಮಲ್ಲಿಗೆಯ ಮನೆಯವರು. ಆಮೇಲೆ ಗೇಟಿನಲ್ಲಿ ನಿಲ್ಲುತ್ತಿದ್ದವನ ಹೆಂಡತಿ. ನಾನೂ ಹೋದೆ. ಚಂದಾ ರಸೀದಿಯ ನೆಪ. ಅಮ್ಮ ಆಲ್ಟೋ ಹಾಡುತ್ತಿದ್ದರು ಎಂದೆ. ‘ಹೌದಾ, ಹೇಗಿತ್ತು?’ ಎಂದು ಕೇಳಿದರು. ಎರಡು ಸಾಲು ಗುನುಗಿ ತೋರಿಸಲು ನೋಡಿದೆ. ನನ್ನ ದಪ್ಪ ಗಂಟಲಿನಲ್ಲಿ ಅದು ಯಾವ ಹಾಡೂ ಆಗಲಿಲ್ಲ. ಅವರು ನಗಲಿಲ್ಲ. ಡೈರಿಯಲ್ಲಿ ಏನೋ ಬರೆದುಕೊಂಡರು.

ಮರುವರ್ಷದ ಡಿಸೆಂಬರ್ 31ಕ್ಕೆ ಅವರು ಮೂರನೆಯ ಪಟ್ಟಿಗೆ ಬಂದಾಗ ಪುಸ್ತಕ ಮುಚ್ಚಿದರು. ಬಸಳೆಯ ಮುದುಕಿ ಆ ವರ್ಷ ತೀರಿಕೊಂಡಿದ್ದರು. ಅವರ ಹೆಸರು ಹೇಳಿ, ಈಸ್ಟರಿಗೆ ಮಲ್ಲಿಗೆ ತರುತ್ತಿದ್ದವರು ಎಂದುಬಿಟ್ಟರು. ಹೆಂಗಸರ ಬದಿಯಿಂದ ‘ಬಸಳೆ, ಬಸಳೆ’ ಎಂದು ನಾಲ್ಕೈದು ದನಿ ಒಟ್ಟಿಗೆ ಎದ್ದವು. ಗಂಡಸರ ಬದಿ ನಕ್ಕಿತು. ಅಯ್ಯನವರು ಕೆಂಪಾಗಿ, ‘ತಿದ್ದಿಕೊಂಡೆ. ಮುಂದಿನವರದ್ದು ನೀವೇ ಹೇಳಿಬಿಡಿ’ ಎಂದರು. ಜನ ಎದ್ದು ನಿಂತು ಹೇಳತೊಡಗಿದರು. ಆ ವರ್ಷದವರು ಮುಗಿದರೂ ನಿಲ್ಲಲಿಲ್ಲ. ಹಿಂದಿನ ವರ್ಷ ಹೆಸರಷ್ಟೇ ಓದಿಸಿಕೊಂಡವರ ಸರದಿ ಬಂತು. ಗಂಟೆ ಬಾರಿಸುವವನೂ ತನ್ನ ಅಜ್ಜನ ಕಥೆ ಹೇಳಲು ನಿಂತುಬಿಟ್ಟದ್ದರಿಂದ ನಮ್ಮಲ್ಲಿ ಹೊಸ ವರ್ಷ ಕಾಲು ಗಂಟೆ ತಡವಾಗಿ ಬಂತು.

ಅಷ್ಟು ವರ್ಷ ನಮ್ಮ ಸತ್ತವರನ್ನು ನೆನೆಯುವ ಕೆಲಸವನ್ನು ನಾವು ಒಬ್ಬರ ಸಂಬಳದೊಳಗೆ ಸೇರಿಸಿ ಬಿಟ್ಟಿದ್ದೆವು. ಅದು ಈಗ ನಮ್ಮ ಕೈಗೆ ಬಂದಿದೆ. ಕಥೆಗಳು ಹೀಗೆ ಬಾಯಿಂದ ಬಾಯಿಗೆ ದಾಟುತ್ತವೆ. ಸ್ವರ ಹಾಗೆ ದಾಟುವುದಿಲ್ಲ; ಅದು ಪಕ್ಕದಲ್ಲಿ ಕೂತವರ ಪಾಲಿಗೆ ಮಾತ್ರ, ಅವರ ಜೊತೆಗೇ ಮುಗಿಯುತ್ತದೆ. ಅಮ್ಮನ ಬಗ್ಗೆ ಸಭೆಗೆ ಈಗ ಗೊತ್ತಿದೆ. ಅಮ್ಮ ಹಾಡಿದ್ದು ಗೊತ್ತಿಲ್ಲ. ಈ ಅಯ್ಯನವರಿಗೂ ನಾಳೆ ವರ್ಗದ ಕಾಗದ ಬರುತ್ತದೆ. ಆಗ ಅವರ ಹಿಂದೆ ಬರುವವರಿಗೆ ಹೇಳಲು ನಮ್ಮ ಬಳಿ ಒಂದು ಕಥೆ ಹೆಚ್ಚಾಗಿರುತ್ತದೆ: ರಕ್ತ ಕೊಡಲು ಮಳೆಯಲ್ಲಿ ಬೈಕು ಓಡಿಸಿದವರು, ಬಸಳೆಯನ್ನು ಮಲ್ಲಿಗೆ ಮಾಡಿದವರು.